ಮೂತಿಯ ಕಡೆ ನಿಂತವರು

ವಿಮಾನ ಬಂದು ಬಡಿದಾಗ ಅತ್ತಿಗೆ ಚಿತ್ರಾನ್ನದ ಡಬ್ಬಿ ತೆರೆಯುತ್ತಿದ್ದರು. ಆ ದಿನದ ಬಗ್ಗೆ ನಾನು, ಅಣ್ಣ, ಅತ್ತಿಗೆ ಮೂವರೂ ಒಪ್ಪುವುದು ಇಷ್ಟನ್ನು ಮಾತ್ರ.

ಊರಾಚೆ ಮಣಲಿ ದಾಟಿದ ಮೇಲೆ ಒಂದು ಒಣಗಿದ ಕೆರೆಯಂಗಳವಿದೆ. ರಿಫೈನರಿಯ ಚಿಮಣಿ ಹಗಲಲ್ಲೂ ಉರಿಯುವುದು ಅಲ್ಲಿಂದ ಕಾಣುತ್ತದೆ. ಭಾನುವಾರ ಬೆಳಿಗ್ಗೆ ನಾಲ್ಕಾರು ಮಂದಿ ರೇಡಿಯೊದಿಂದ ನಡೆಸುವ ಪುಟ್ಟ ವಿಮಾನ ಹಾರಿಸಲು ಬರುತ್ತಾರೆ. ಅಣ್ಣ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾನೆ, ಸಿಟ್ಟು ಮೂಗಿನ ಮೇಲೆ. ಸಂಶೋಧನೆ ಮುಗಿಸಿ ಕೆಲಸ ಸಿಗದೆ ಕೀಲ್ಪಾಕಿನ ಅವನ ಫ್ಲ್ಯಾಟಿನಲ್ಲಿ ಉಳಿದುಕೊಂಡಿದ್ದ ನನ್ನನ್ನೂ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ಅವತ್ತು ಅತ್ತಿಗೆಯೂ ಬರುತ್ತೇನೆಂದು ಆಟೊದಲ್ಲಿ ಬಂದಿದ್ದರು.

ಹಿಂದಿನ ವಾರ ನಮ್ಮ ವಿಮಾನ ಬಳ್ಳಾರಿ ಜಾಲಿಯ ಪೊದೆಗೆ ನುಗ್ಗಿ ರೆಕ್ಕೆ ಮುರಿದುಕೊಂಡಿತ್ತು. ರೆಕ್ಕೆಗಳ ಹಿಂದಂಚಿನಲ್ಲಿ ಒಂದೊಂದು ಪಟ್ಟಿ ಇರುತ್ತದೆ. ಅವು ಮೇಲೆ ಕೆಳಗೆ ಆಡಿದರೆ ವಿಮಾನ ಎಡಕ್ಕೋ ಬಲಕ್ಕೋ ವಾಲುತ್ತದೆ. ಅವನ್ನು ಆಡಿಸುವ ಪುಟ್ಟ ಮೋಟಾರುಗಳ ಹಲ್ಲು ಸವೆದುಹೋಗಿತ್ತು. ವಾರವಿಡೀ ಹಜಾರದಲ್ಲಿ ಕೂತು ಬೇರೆ ಮೋಟಾರು ಹಾಕಿದೆವು, ರೆಕ್ಕೆಯನ್ನು ಅಂಟಿಸಿದೆವು. ಹಜಾರ ಇಕ್ಕಟ್ಟು. ವಿಮಾನದ ಬಾಲ ಗೋಡೆಗೆ ತಗುಲಿರುತ್ತಿತ್ತು, ನಾವಿಬ್ಬರೂ ಮೂತಿಯ ಕಡೆ ಕೂರುತ್ತಿದ್ದೆವು. ಅದರ ಪಂಖವೂ ಬೆನ್ನ ಮೇಲೆ, ಬಾಲದ ಕಡೆಗೆ ಮುಖ ಮಾಡಿ ತಿರುಗುವಂಥದ್ದು. ಹಾಗಾಗಿ ಬಾಲದ ಕಡೆ ನಿಲ್ಲಲು ಯಾರಿಗಾದರೂ ಭಯವೇ.

ಆದರೆ ರಿಪೇರಿಯ ಮೇಲೆ ಮೈದಾನದಲ್ಲಿ ಮಾಡುವ ತಪಾಸಣೆಯನ್ನು ಬಾಲದ ಕಡೆಯಿಂದಲೇ ಮಾಡಬೇಕು. ಒಬ್ಬ ಕೈಯಲ್ಲಿ ಹಿಡಿದ ರೇಡಿಯೊ ಪೆಟ್ಟಿಗೆಯ ಕಡ್ಡಿಯನ್ನು ಬಲಕ್ಕೆ ತಳ್ಳುತ್ತಾನೆ, ಬಲರೆಕ್ಕೆಯ ಪಟ್ಟಿ ಮೇಲೇಳುವುದನ್ನು ಇನ್ನೊಬ್ಬ ನೋಡಿ ಹೇಳುತ್ತಾನೆ. ಮೂತಿಯ ಕಡೆ ನಿಂತು ನೋಡಿದರೆ ವಿಮಾನದ ಬಲ ನಮ್ಮ ಎಡ. ಸರಿಯಾಗಿರುವುದೇ ಉಲ್ಟಾ ಕಾಣುತ್ತದೆ. ಉಲ್ಟಾ ಕಂಡರೆ ರೇಡಿಯೊದಲ್ಲಿ ಒಂದು ಗುಂಡಿ ಒತ್ತಿ ದಿಕ್ಕು ಬದಲಿಸಿಬಿಡುತ್ತೇವೆ. ಅವತ್ತು ನಮ್ಮಲ್ಲೊಬ್ಬ ಮೂತಿಯ ಕಡೆ ನಿಂತು, ಸರಿಯಿದ್ದದ್ದನ್ನು ಉಲ್ಟಾ ಮಾಡಿಸಿದ.

ನಾನು ವಿಮಾನವನ್ನು ಗಾಳಿಗೆ ಎಸೆದೆ. ಎಡರೆಕ್ಕೆ ಸ್ವಲ್ಪ ಇಳಿಯಿತು. ಅಣ್ಣ ಬಲಕ್ಕೆ ಕೊಟ್ಟ, ಇನ್ನಷ್ಟು ಎಡಕ್ಕೆ ವಾಲಿತು. ಇನ್ನೂ ಬಲಕ್ಕೆ ಕೊಟ್ಟ. ಆಗ ಅದು ಕತ್ತು ಹಿಚುಕಿದ ಹಕ್ಕಿಯಂತೆ ಮಗುಚಿ, ಪೂರ್ತಿ ವೇಗದಲ್ಲಿ ಅತ್ತಿಗೆ ಕೂತಿದ್ದ ಸ್ಕೂಟರಿನ ನೆರಳಿನತ್ತ ನುಗ್ಗಿತು. ಅತ್ತಿಗೆ ಮುಖಕ್ಕೆ ತೋಳು ಅಡ್ಡ ಹಿಡಿದರು. ಮೂತಿ ತೋಳಿಗೆ ಬಡಿದು ಮುರಿಯಿತು. ಪಂಖ ನಿಲ್ಲಲಿಲ್ಲ, ಮೊಣಕೈಯಿಂದ ಮಣಿಕಟ್ಟಿನ ತನಕ ಸೀಳಿಕೊಂಡು ಹೋಯಿತು. ಹಳದಿ ಅನ್ನದ ಮೇಲೆ ರಕ್ತ ಚಿಮ್ಮಿತು. ಅಣ್ಣ ರೇಡಿಯೊ ಎಸೆದು ಓಡಿದ. ಮೋಟಾರು ನಿಲ್ಲಿಸುವ ಗುಂಡಿ ಅದರಲ್ಲೇ ಇತ್ತು. ಪಂಖ ನೆಲದಲ್ಲಿ ಮಣ್ಣು ಕೆರೆಯುತ್ತಲೇ ಇತ್ತು. ಅದನ್ನು ನಿಲ್ಲಿಸಿದವನು ನಾನೆಂದು ನೆನಪು. ಮೈದಾನದ ಹಿರಿಯರೊಬ್ಬರು ಬ್ಯಾಟರಿಯ ವೈರು ಕಿತ್ತರೆಂದು ಅಣ್ಣ ಹೇಳುತ್ತಾನೆ.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಕಿರುಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ.

ಅತ್ತಿಗೆ ವಿಮಾ ಕಚೇರಿಯಲ್ಲಿ ವಾಹನ ಅಪಘಾತದ ಕ್ಲೇಮು ನೋಡುವವರು. ಮನೆಗೆ ಬಂದ ಮರುದಿನವೇ ಕೇಳಿದರು: "ಮೂತಿ ಕಡೆ ನಿಂತಿದ್ದು ಯಾರು?"

"ಇವನೇ," ಅಂದ ಅಣ್ಣ. "ನಾನು ರೇಡಿಯೊ ಹಿಡ್ಕೊಂಡಿದ್ದೆ. ಇವನು ನೋಡಿ ಉಲ್ಟಾ ಅಂದ, ನಾನು ತಿರುಗಿಸಿದೆ."

ನನ್ನ ನೆನಪು ಬೇರೆ. ಅಣ್ಣ ರೇಡಿಯೊವನ್ನು ನನ್ನ ಕೈಗೆ ಕೊಟ್ಟು, "ನಿನ್ನ ಕಣ್ಣು ನಂಬೋಕಾಗಲ್ಲ ಡಾ" ಎಂದು ತಾನೇ ಬಗ್ಗಿ ನೋಡಿದ. ಅವನ ಬೆವೆತ ಕತ್ತು, ಹಿಂದೆ ಚಿಮಣಿಯ ಬೆಂಕಿ, ಎಲ್ಲ ಸ್ಪಷ್ಟವಾಗಿ ಕಾಣುತ್ತದೆ. ಇಷ್ಟು ಸ್ಪಷ್ಟವಾಗಿ ಕಾಣುವುದರಿಂದಲೇ ನನಗೆ ಅನುಮಾನ. ಅವನ ಕತ್ತು, ಆ ಬೆಂಕಿ ಯಾವ ಭಾನುವಾರದ್ದಾದರೂ ಆಗಿರಬಹುದು.

ಅತ್ತಿಗೆ ತಮ್ಮ ಫೋನಿನಲ್ಲಿ ವಿಡಿಯೊ ಮಾಡಿದ್ದರು. ಅದರಲ್ಲಿ ಕಾಣುವುದು ಡಬ್ಬಿ, ಸ್ಕೂಟರಿನ ಚಕ್ರ, ಆಕಾಶ. ಒಂದು ದನಿ ಮಾತ್ರ ಕೇಳುತ್ತದೆ: "ಉಲ್ಟಾ ಇದೆ... ಈಗ ಓಕೆ." ನಮ್ಮಿಬ್ಬರ ದನಿ ಒಂದೇ. ಅಮ್ಮನೂ ಫೋನಿನಲ್ಲಿ ಗುರುತಿಸುತ್ತಿರಲಿಲ್ಲ. ಕೇಳಿದಾಗೆಲ್ಲ ಅದು ಅವನದೇ ಎಂದು ನನಗೆ, ನನ್ನದೇ ಎಂದು ಅವನಿಗೆ.

"ವಿಮಾನ ರಿಪೇರಿ ಮಾಡಿ," ಅಂದರು ಅತ್ತಿಗೆ. "ಅದೇ ಜಾಗಕ್ಕೆ ಹೋಗೋಣ. ನಮ್ಮ ಆಫೀಸಲ್ಲೂ ಹಾಗೇ, ಜಾಗದಲ್ಲಿ ನಿಲ್ಲಿಸಿ ಕೇಳಿದ್ರೆ ಬಾಯಿ ಬಿಡ್ತಾರೆ. ಯಾರಾಗಿದ್ರೂ ಸರಿ, ನಂಗೆ ಗೊತ್ತಾಗ್ಬೇಕು. ಗೊತ್ತಾಗ್ದೆ ನಿಮ್ಮಿಬ್ಬರಿಗೂ ದಿನಾ ಊಟಕ್ಕೆ ಬಡಿಸೋಕೆ ನನ್ ಕೈಲಾಗಲ್ಲ."

ರಿಪೇರಿ ಮಾಡಿದೆವು. ವಿಮಾನದ ಫೋಮಿಗೆ ಹಿಡಿದ ರಕ್ತ ಸೋಪಿನಿಂದ ಹೋಗಲಿಲ್ಲ. ಅಣ್ಣ ಬ್ಲೇಡಿನಿಂದ ಆ ಭಾಗವನ್ನು ಕೆತ್ತಿ ಕೆತ್ತಿ ತೆಗೆದ, ಬೇಕಾದದ್ದಕ್ಕಿಂತ ಹೆಚ್ಚೇ ತೆಗೆದ. ಆ ಕುಳಿಗೆ ಹೊಸ ಫೋಮು ತುಂಬಿ, ಕಾರ್ಬನ್ ಕಡ್ಡಿ ಹಾಕಿ, ಅಂಟು ಗಟ್ಟಿಯಾಗುವ ತನಕ ನಾನು ಎರಡೂ ಕಡೆಯಿಂದ ಅದುಮಿ ಹಿಡಿದಿರುತ್ತಿದ್ದೆ. ನನ್ನ ಕೈ ಚೂರು ಅಲುಗಿದರೂ ಅವನು ಬ್ಲೇಡನ್ನು ನೆಲಕ್ಕೆ ಕುಕ್ಕುತ್ತಿದ್ದ. ಮೊಸಾಯಿಕ್ಕಿನಲ್ಲಿ ಗೀರುಗಳಾದವು.

ಕೆರೆಯಂಗಳದಲ್ಲಿ ಅತ್ತಿಗೆ ವಿಮಾನವನ್ನು ನೆಲದ ಮೇಲಿಟ್ಟರು. "ಹೋಗಿ, ಅವತ್ತು ನಿಂತ ಕಡೆ ನಿಂತ್ಕೊಳಿ. ಯೋಚ್ನೆ ಮಾಡ್ಬೇಡಿ."

ಅಣ್ಣನೂ ನಾನೂ ಒಟ್ಟಿಗೆ ನಡೆದು ಮೂತಿಯ ಕಡೆ ಹೋದೆವು. ಭುಜಕ್ಕೆ ಭುಜ ತಾಗಿತು.

ದೂರದಿಂದ ಮೈದಾನದ ಹಿರಿಯರು ಕೂಗಿದರು: "ಅಂದ ಪಕ್ಕಂ ನಿಕ್ಕಾದೀಂಗ ಪಾ! ವಾಲ್ ಪಕ್ಕಂ ವಾಂಗ!"

ಬಾಲದ ಕಡೆ ಬನ್ನಿ ಎಂದು ಅವರು ಕರೆಯುತ್ತಿದ್ದರೂ ನಾವಿಬ್ಬರೂ ಅಲುಗಲಿಲ್ಲ. ಅತ್ತಿಗೆ ನಮ್ಮಿಬ್ಬರನ್ನೂ ನೋಡಿದರು. ಅಣ್ಣನ ಮುಖ ಕೆಂಪಾಯಿತು.

"ಆಯ್ತು ಬಿಡು. ನಾನೇ. ಸಾಕಾ?"

"ನನ್ ಬಾಯಿ ಮುಚ್ಸೋಕೆ ಒಪ್ಕೊಳ್ತಿದೀರ," ಅಂದರು ಅತ್ತಿಗೆ. "ಇಂಥ ಒಪ್ಪಿಗೆ ನಾನು ದಿನಾ ನೋಡ್ತೀನಿ. ಒಂದು ವಾರ ಇವನೇ ಅಂತಿದ್ರಲ್ಲ?" ನನ್ನ ಕಡೆ ತಿರುಗಿದರು. "ನೀನು ಹೇಳಪ್ಪ. ನಿನ್ನ ಮಾತು ನಂಬ್ತೀನಿ."

ನಾನೇ ಎಂದೋ ಅವನೇ ಎಂದೋ ಹೇಳಬಹುದಿತ್ತು. ಹೇಳಿದ್ದರೆ ನಂಬುತ್ತಿದ್ದರು.

"ಗೊತ್ತಿಲ್ಲ ಅತ್ತಿಗೆ. ಅವನು ನಿಂತಿದ್ದ ಅಂತ ನೆನಪಿದೆ. ಆದ್ರೆ ನೆನಪು ಅನ್ನೋದು ಸಾಕ್ಷಿ ಅಲ್ಲ, ನಾವು ಆಮೇಲೆ..."

ವಾಕ್ಯ ಮುಗಿಯಲಿಲ್ಲ. ಅಣ್ಣನ ಕೈ ಕಿವಿಯ ಮೇಲೆ ಬಿತ್ತು. "ಅವಳ ಕೈ ನೋಡೋ! ಕೈ ನೋಡ್ಕೊಂಡು ಪಾಠ ಮಾಡ್ತೀಯಾ?" ನಾನು ಬಿದ್ದವನು ಅವನ ಕಾಲು ಹಿಡಿದೆಳೆದೆ. ಅವನು ನನ್ನ ಮೇಲೆ ಬಿದ್ದ. ಮೊಣಕಾಲಿನಿಂದ ಹೊಟ್ಟೆಗೆ ಒದ್ದೆ. ಅವನು ನನ್ನ ಕೂದಲು ಹಿಡಿದು ತಲೆಯನ್ನು ನೆಲಕ್ಕೆ ಬಡಿದ. ಬಾಯಲ್ಲಿ ಕೆರೆಯ ಒಣಮಣ್ಣು, ಉಪ್ಪು. ನಮ್ಮ ಕೆಳಗೆ ಏನೋ ಲಟಕ್ಕೆಂದಿತು. ಹೊಸದಾಗಿ ಹಾಕಿದ್ದ ಕಾರ್ಬನ್ ಕಡ್ಡಿ ಫೋಮನ್ನು ಹರಿದುಕೊಂಡು ಹೊರಬಂದು ನನ್ನ ಬೆನ್ನಿಗೆ ಚುಚ್ಚಿತು. ಹಿರಿಯರು ಓಡಿಬಂದು ಅಣ್ಣನ ಎರಡೂ ಕೈ ಹಿಡಿದರು.

ಅತ್ತಿಗೆ ಕೂಗಲಿಲ್ಲ. "ನಿಮ್ಮಲ್ಲಿ ಒಬ್ರಿಗೆ ಗೊತ್ತಿದ್ದೂ ಹೇಳ್ತಿಲ್ಲ ಅಂದ್ಕೊಂಡಿದ್ದೆ," ಅಂದರು. "ಇಬ್ರಿಗೂ ಗೊತ್ತಿಲ್ಲ ಅಂದ್ರೆ ನಾನು ಯಾರ ಮೇಲೆ ಸಿಟ್ಟು ಮಾಡ್ಕೊಳ್ಲಿ? ಇಬ್ರ ಮೇಲೂ ಮಾಡ್ಕೊಂಡು ಒಂದೇ ಮನೇಲಿ ಇರೋಕಾಗಲ್ಲ. ಅವರನ್ನ ಕಟ್ಕೊಂಡಿದೀನಿ. ನೀನು ಬೇರೆ ರೂಮು ನೋಡ್ಕೋ."

ಟಿ. ನಗರದ ಬಟ್ಟೆ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ ಒಂದು ರೂಮು ಸಿಕ್ಕಿತು. ಹೊರಡುವ ದಿನ ಅತ್ತಿಗೆ ಒಳಗೇ ಇದ್ದರು. ಅಣ್ಣ ನನ್ನ ಸೂಟ್‌ಕೇಸನ್ನು ಮೆಟ್ಟಿಲಿನ ಮೇಲೆ ದಡದಡ ಎಳೆದು ತಂದು ಆಟೊದೊಳಗೆ ಎಸೆದ.

"ಒಂದೇ ಒಂದು ಸುಳ್ಳು ಹೇಳೋಕೆ ಆಗ್ಲಿಲ್ವಲ್ಲೋ ನಿನ್ನ ಕೈಲಿ," ಅಂದ. "ನಾನೇ ಅತ್ತಿಗೆ, ತಪ್ಪಾಯ್ತು ಅಂದಿದ್ರೆ ಮುಗೀತಿತ್ತು. ನೀನೂ ಮನೇಲೇ ಇರ್ತಿದ್ದೆ."

"ಅದು ಸುಳ್ಳು ಅಂತ ನಿಂಗೆ ಹೇಗೆ ಗೊತ್ತು?" ಅಂದೆ.

ಅಣ್ಣ ಆಟೊದೊಳಗೆ ಕೈ ಹಾಕಿ ನನ್ನ ಕಾಲರ್ ಹಿಡಿದ. ಹಿಡಿತ ಬಿಗಿಯಾಗುತ್ತ ಹೋಯಿತು, ನನಗೆ ಉಸಿರು ಸಿಗುತ್ತಿರಲಿಲ್ಲ. ಡ್ರೈವರ್ ಹಿಂತಿರುಗಿ ನೋಡಿ, "ವಿಡುಂಗ ಸಾರ್, ಬಿಡಿ" ಎಂದು ಗಾಡಿ ಹೊರಡಿಸಿಬಿಟ್ಟ. ಅಣ್ಣ ಕಾಲರ್ ಬಿಡದೆ ನಾಲ್ಕು ಹೆಜ್ಜೆ ಜೊತೆಗೇ ಓಡಿಬಂದ.