ಅಯ್ಯಪ್ಪನ ಏಳನೆಯ ಸೇರು

ಸವಡಿಯ ಅಯ್ಯಪ್ಪನಿಗೆ ಹೊಲವಿರಲಿಲ್ಲ, ಕೈಯಲ್ಲೊಂದು ಅಳತೆಯ ಸೇರು ಇತ್ತು. ಯಾರ ಕಣದಲ್ಲಿ ರಾಶಿಯಾದರೂ ಜೋಳ ಅಳೆಯಲು ಅವನೇ ಬೇಕು. ಮೊದಲ ಸೇರಿಗೆ ‘ಒಂದು’ ಅನ್ನುತ್ತಿರಲಿಲ್ಲ, ‘ಲಾಭ’ ಅನ್ನುತ್ತಿದ್ದ. ಆರಾದ ಮೇಲೆ ‘ಮತ್ತೊಂದು’. ರಾಶಿಯ ಮುಂದೆ ‘ಏಳು’ ಅಂದರೆ ಲಕ್ಷ್ಮಿ ಎದ್ದು ಹೋದಾಳೆಂಬ ಅಂಜಿಕೆ. ನಗುವವರು ನಗಲಿ; ಮಳೆಯನ್ನೇ ನಂಬಿದ ಎರೆಹೊಲದ ಸೀಮೆಯಲ್ಲಿ ಲಕ್ಷ್ಮಿಯ ಮುಂದೆ ಮಾತು ನೋಡಿಯೇ ಆಡಬೇಕು.

ಇನ್ನೂ ಮುಂಬೈ ಸರಕಾರವಿದ್ದ ಕಾಲ. ಆ ವರ್ಷ ಹಿಂಗಾರಿ ಕೈಕೊಟ್ಟಿತು. ಕೆರೆಯ ಹೂಳೆತ್ತಿದವರಿಗೆ ಕೂಲಿಯಾಗಿ ಸರಕಾರ ಜೋಳ ಕೊಡತೊಡಗಿತು. ಅಳೆಯಲು ಅಯ್ಯಪ್ಪ ಚಾವಡಿಯಲ್ಲಿ ಕೂತ. ‘ಲಾಭ’ ಅಂದದ್ದೇ ತಡ, ಹೊಸ ಕಾರಕೂನ ಸಿಡುಕಿದ.

“ಯಾರಿಗೋ ಲಾಭ? ಒಂದು, ಎರಡು ಅಂತ ನೆಟ್ಟಗ ಎಣಸು. ಸರಕಾರದ ಜೋಳ ಇದು.”

“ಆತ್ರಿ,” ಅಂದ ಅಯ್ಯಪ್ಪ.

ಮೊದಲ ಸರದಿ ಕರೆವ್ವನದು. ಗಂಡ ತೀರಿಹೋದವಳು. ಮಗಳಿಗೆ ಜ್ವರ ಬಂದು ಆ ವಾರ ಒಂದು ದಿನ ಕೆಲಸ ತಪ್ಪಿಸಿದ್ದಳು. ಆ ದಿನ ಕಳೆದೂ ಅವಳಿಗೆ ಎಂಟು ಸೇರು ಬರಬೇಕಿತ್ತು. ಅವಳಿಗೇನು ಗೊತ್ತು? ಕೊಡುತ್ತಾರೋ ಅಟ್ಟುತ್ತಾರೋ ಎಂದು ಹೆದರುತ್ತಲೇ ಕೂತು ಸೆರಗೊಡ್ಡಿದಳು. ಆರು ಸೇರು ಬಿತ್ತು. ಅಯ್ಯಪ್ಪ ಮುಂದಿನ ಸೇರು ತುಂಬಿದ. ಕಾರಕೂನನ ಮುಖ ನೋಡಿ, ಕಣ್ಣು ಮುಚ್ಚಿ ಅಂದ:

“ಏಳು.”

ಕರೆವ್ವ ಎದ್ದಳು. ರಾಶಿಯ ಮುಂದೆ ಆ ಎಣಿಕೆಯನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಸೆರಗಿನ ಜೋಳವನ್ನೆಲ್ಲ ರಾಶಿಗೆ ಸುರುವಿ, ತಲೆ ತಗ್ಗಿಸಿಕೊಂಡು ಹೊರಟೇಹೋದಳು.

ಅವಳು ಯಾಕೆ ಎದ್ದಳೆಂದು ಅಯ್ಯಪ್ಪನಿಗೆ ಆಗ ಹೊಳೆಯಿತು. ಲಕ್ಷ್ಮಿ ಎದ್ದು ಹೋಗುವುದೆಂದರೆ ಇದೇ ತಾನೆ? ಅವಳ ಪಾಲನ್ನು ಚೀಲಕ್ಕೆ ತುಂಬಿ, ಸೇರು ಹಿಡಿದು ಅವಳ ಹಿಂದೆಯೇ ಓಡಿದ. ಕಾರಕೂನ ಕೂಗಿದ್ದು ಅವನ ಕಿವಿಗೆ ಬೀಳಲಿಲ್ಲ.

ಕರೆವ್ವನ ಒಲೆ ತಣ್ಣಗಿತ್ತು. ಮಗಳು ಮೂಲೆಯಲ್ಲಿ ಮಲಗಿದ್ದಳು.

“ಎದ್ದು ಹೋಗು ಅನ್ನಲಿಲ್ಲ ತಂಗೀ, ಆರರ ಮುಂದಿಂದು ಎಣಿಸಿದ್ನಿ,” ಅಂದ ಅಯ್ಯಪ್ಪ.

“ಒಂದಿನ ಬರಲಿಲ್ಲ ಅಂತ ಎಬ್ಬಿಸಿದ್ರಿ ಅನಕೊಂಡೆ ಯಣ್ಣಾ,” ಅಂದಳು. ಅಷ್ಟು ಹೇಳುವಷ್ಟರಲ್ಲಿ ಅಳು ಬಂತು.

ಅವಳನ್ನು ಕೂರಿಸಿ, ಸೆರಗು ಹಾಸಿಸಿ, ಅವನು ‘ಲಾಭ’ದಿಂದ ಮತ್ತೆ ಅಳೆದ. ಆರಾಯಿತು. ‘ಮತ್ತೊಂದು’ ಅಂದರೆ ಸಾಕಿತ್ತು. ಅವತ್ತು ಅದು ಸಾಕೆನ್ನಿಸಲಿಲ್ಲ. ತುಂಬಿದ ಸೇರು ಎತ್ತಿ ಹಿಡಿದು ಮೆಲ್ಲಗೆ ಅಂದ:

“ಕುಂದ್ರು.”

ಕರೆವ್ವ ಅಳುತ್ತಲೇ ನಕ್ಕಳು.

ಮರುವಾರ ಚಾವಡಿಯಲ್ಲೂ ಹಾಗೇ ಎಣಿಸಿದ. ಕಾರಕೂನ ತಲೆಯೆತ್ತಿ ನೋಡಿ, ಲೆಕ್ಕದ ಪುಸ್ತಕದಲ್ಲಿ ಏಳು ಎಂದು ಬರೆದುಕೊಂಡ. ಅಯ್ಯಪ್ಪ ಇರುವ ತನಕ ಸವಡಿಯಲ್ಲಿ ಆರರ ಮುಂದೆ ಕುಂದ್ರು, ಅದರ ಮುಂದೆ ಎಂಟು.