ಮೈಲುತುತ್ತ ಅದ್ದಿದ ಕೈ

ಹಲ್ಲಿನ ಡಾಕ್ಟರ ಗಾಜಿನ ಮೀನುತೊಟ್ಟಿಗೆ ಮೈಲುತುತ್ತ ಅದ್ದಿದವಳು ನಾನು. ಗೌರಿ ಅಲ್ಲ. ಗೌರಿಯ ಕೈಯಿಂದ ಏನೂ ಆಗಲಿಲ್ಲ. ಇಷ್ಟು ಹೇಳೋಕೆ ಇಷ್ಟು ವರ್ಷ ಬೇಕಾಯಿತು — ಥೂ ನನ್ನ ಬಾಯಿಗೆ.

ನಾನು ಕೆಂಪಮ್ಮ. ಓದಿದ್ದು ಮೂರನೇ ಕ್ಲಾಸು. ಅಕ್ಷರ ತಪ್ಪಿದ್ದರೆ ಬೈಕೊಳ್ಳಿ, ಸಂಗತಿ ತಪ್ಪಿಲ್ಲ. ಸಿ.ಎಸ್. ಪುರದ ಕಡೆಯವಳು. ಗಂಡ ಸತ್ತ ಮೇಲೆ ತುಮಕೂರಿಗೆ ಬಂದು ಒಂದು ಹಲ್ಲಿನ ಆಸ್ಪತ್ರೆಯಲ್ಲಿ ಕಸ ಗುಡಿಸುತ್ತಿದ್ದೆ. ನನ್ನ ಹಿಂದೆ ಹುಲಿಯೂರುದುರ್ಗದ ಗೌರಿ ಬಂದು ಸೇರಿದಳು. ಅಲ್ಲೇ ತುಮಕೂರಿನ ಸತ್ಯಮಂಗಲದ ಒಂದೇ ವಠಾರದಲ್ಲಿ ನಮ್ಮಿಬ್ಬರದೂ ಅಕ್ಕಪಕ್ಕದ ಮನೆ. ನನಗಿಂತ ಚಿಕ್ಕವಳು, ಅಕ್ಕ ಅಕ್ಕ ಅಂತ ಹಿಂದೆ ಮುಂದೆ ಸುತ್ತುತ್ತಿದ್ದಳು. ಅವಳ ಕೈಗುಣ ಒಳ್ಳೆಯದು ಅಂತ ವಠಾರವೆಲ್ಲ ನಂಬಿತ್ತು. ಮಲ್ಲಿಗೆ ಕಡ್ಡಿ ನೆಡೋಕೆ ಅವಳೇ ಬೇಕು. ಮಗು ಹುಟ್ಟಿದರೆ ನೀರು ಹಾಕೋಕೆ ಅವಳೇ ಬೇಕು. ನನ್ನನ್ನು ಯಾರೂ ಕರೆಯಲಿಲ್ಲ. ಕರೆಯಲಿ ಅಂತ ನಾನೂ ಕಾಯಲಿಲ್ಲ — ಸುಳ್ಳು. ಕಾದಿದ್ದೆ.

ಆ ತೊಟ್ಟಿ ರೋಗಿಗಳು ಕೂರುವ ಕಡೆ ಇತ್ತು. ಉಪ್ಪುನೀರು, ಸಮುದ್ರದ ಮೀನು, ಕಲ್ಲಿನ ಮೇಲೆ ಹೂವಿನ ಹಾಗೆ ಅರಳುವ ಹವಳ. ಹವಳಕ್ಕೂ ಜೀವ ಇದೆ ಅಂತ ಡಾಕ್ಟರು ಹೇಳಿದ ಮೇಲೇ ನಮಗೆ ಗೊತ್ತಾದದ್ದು. ಆ ಕಲ್ಲಿನ ಜೊತೆಗೇ ಒಂದು ಜಾತಿ ಬಸವನಹುಳ ಬಂದು ಸೇರಿಕೊಂಡಿತ್ತು. ಇದು ಹರಿದಾಡುವ ಜಾತಿಯಲ್ಲ. ಕಲ್ಲಿಗೇ ಅಂಟಿ, ಗಟ್ಟಿ ಕೊಳವೆ ಕಟ್ಟಿಕೊಂಡು, ಒಳಗಿಂದ ಲೋಳೆಯ ನೂಲು ಬಿಡೋದು. ಆ ನೂಲು ತಾಗಿದ ಹವಳ ಮುದುರಿಕೊಳ್ಳೋದು. ದಿನದಿನಕ್ಕೆ ಹೆಚ್ಚಾದವು.

ಔಷಧಿ ಹಾಕುವ ಹಾಗಿಲ್ಲ, ಒಂದೊಂದೇ ಕೀಳಬೇಕು ಅಂತ ಡಾಕ್ಟರು ಹಲ್ಲು ಕೆರೆಯೋ ಹಳೇ ಕೊಕ್ಕೆಯೊಂದನ್ನು ಗೌರಿಗೆ ಕೊಟ್ಟರು. ಹಲ್ಲಿಗೆ ಕಟ್ಟಿದ ಗಾರೆ ಕೆರೆದ ಹಾಗೆ ಕೊಳವೆ ಮುರಿಯಬೇಕು. ಬಾರದೇ ಇದ್ದದ್ದರ ಬಾಯಿಗೆ ಗಮ್ಮು ಮೆತ್ತಿ ಮುಚ್ಚಬೇಕು. ಗೌರಿ ಮೊಣಕೈವರೆಗೂ ತಿಕ್ಕಿ ತೊಳೆದುಕೊಂಡು ಸ್ಟೂಲು ಹತ್ತಿ ಕೂರುತ್ತಿದ್ದಳು. ಅಷ್ಟು ಹೊತ್ತೂ ಕಕ್ಕಸು ತೊಳೆಯೋಳು ನಾನು. ಹಳಬಳು ನಾನು.

ನಾನೂ ಮಾಡ್ತೀನಿ ಅಂತ ಒಂದು ದಿನ ಕೇಳಿದೆ.

"ನಿನ್ನ ಕೈ ಒರಟು ಕೆಂಪಮ್ಮ. ಗೌರಮ್ಮನ ಕೈ ನಡುಗಲ್ಲ, ಇದು ಅವಳೇ ಮಾಡ್ಬೇಕು," ಅಂದರು ಡಾಕ್ಟರು.

"ಅಕ್ಕ ಕೈ ಹಾಕಿದ್ರೆ ಹುಳ ಹೆದ್ರಿ ತಾವೇ ಓಡೋಗ್ತವೆ ಬುಡಿ ಸಾರ್," ಅಂದಳು ಗೌರಿ.

ತಮಾಷೆಗೆ ಅಂದದ್ದು. ಕೂತಿದ್ದ ರೋಗಿಗಳೂ ನಕ್ಕರು, ಬಾಯಿ ಊದಿಸಿಕೊಂಡಿದ್ದವರೂ ನಕ್ಕರು. ನನಗೆ ಉರಿದುಹೋಯಿತು.

ನಮ್ಮ ಕಡೆ ತೋಟದ ತೊಟ್ಟಿಯಲ್ಲಿ ಪಾಚಿ, ಹುಳ ಆದರೆ ಮೈಲುತುತ್ತವನ್ನು ಚಿಂದಿ ಬಟ್ಟೆಯಲ್ಲಿ ಕಟ್ಟಿ ನೀರೊಳಗೆ ಆಡಿಸುತ್ತೇವೆ. ನೀಲಿ ಹರಳು, ಸುಣ್ಣದ ಜೊತೆ ಕಲಸಿ ಮರಕ್ಕೆ ಬಳಿಯೋದೂ ಅದನ್ನೇ. ಊರಿಗೆ ಹೋದಾಗ ಸೆರಗಿನಲ್ಲಿ ಕಟ್ಟಿಕೊಂಡು ಬಂದೆ. ಬೆಳಿಗ್ಗೆ ಆಸ್ಪತ್ರೆಯ ಬಾಗಿಲು ತೆಗೆಯುವವಳು ನಾನೇ. ಯಾರೂ ಇರಲಿಲ್ಲ. ಅದ್ದಿ, ಆಡಿಸಿ, ತೆಗೆದೆ. ಹುಳ ಸತ್ತ ಮೇಲೆ ಎಲ್ಲರ ಮುಂದೆ ಹೇಳೋಣ ಅಂತಲೇ ಇದ್ದೆ — ಇದು ಒರಟು ಕೈಯ ಕೆಲಸ, ನೋಡ್ಕೊಳ್ಳಿ ಅಂತ.

ಹುಳ ಸತ್ತವು. ಹವಳವೂ ಸತ್ತಿತು. ಸಿಗಡಿ, ಪುಟ್ಟ ಏಡಿ, ಎಲ್ಲ ಮಗುಚಿ ಬಿದ್ದವು. ಮೀನು ಮಾತ್ರ ಏನೂ ಆಗದ ಹಾಗೆ ಓಡಾಡುತ್ತಿದ್ದವು. ನೀರು ನಾರತೊಡಗಿತು. ಯಾರು ಏನು ಹಾಕಿದ್ದು ಅಂತ ಡಾಕ್ಟರು ನಮ್ಮಿಬ್ಬರನ್ನೂ ನಿಲ್ಲಿಸಿ ಕೇಳಿದರು. ಗೌರಿ ನನ್ನ ಪಕ್ಕದಲ್ಲೇ ಇದ್ದಳು. ನಾನು ಆಡಿದ ಮಾತು ಇದು:

"ನೆಲ ಒರೆಸಿದ ಫಿನಾಯಿಲ್ ಕೈಯನ್ನೇ ಒಂದೊಂದಿನ ಒಳಗೆ ಹಾಕ್ತಾಳೆ ಸಾರ್. ನಾನು ಎಷ್ಟೋ ಸಲ ಹೇಳ್ದೆ."

ಒಂದೊಂದಿನ — ವಿಷ ಇದ್ದದ್ದು ಆ ಮಾತಿನಲ್ಲಿ. ದಿನಾ ಹಾಕ್ತಾಳೆ ಅಂದಿದ್ದರೆ ಗೌರಿ ಜಗಳಕ್ಕೆ ಬರುತ್ತಿದ್ದಳು. ಒಂದೊಂದಿನ ಅಂದದ್ದಕ್ಕೆ ಅವಳು ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡಳು. "ತೊಳ್ಕೊಂಡಿದ್ದೆ ಅನ್ಸುತ್ತೆ ಸಾರ್," ಅಂದಳು. ಅನ್ಸುತ್ತೆ. ಅಷ್ಟಕ್ಕೇ ಕೆಲಸದಿಂದ ತೆಗೆದರು. ವಠಾರ ಬಿಟ್ಟು ಊರಿಗೆ ಹೋದಳು. ಹೋಗುವಾಗ ನನ್ನನ್ನು ತಬ್ಬಿಕೊಂಡಳು. ನಾನು ತಬ್ಬಿಸಿಕೊಂಡೆ.

ಡಾಕ್ಟರು ನೀರು ಬದಲಾಯಿಸಿ ಹೊಸ ಹವಳ ತಂದರು. ಅದೂ ಸತ್ತಿತು. ಆ ಹೆಂಗಸಿನ ಫಿನಾಯಿಲ್ ಕಲ್ಲಿಗೇ ಇಳಿದಿದೆ ಅಂತ ಬೈದರು. ಕಲ್ಲು ಕುಡಿದದ್ದು ನನ್ನ ಮೈಲುತುತ್ತ. ಅವಳು ಊರು ಸೇರಿದ ಮೇಲೂ ಬೈಗುಳ ಅವಳಿಗೇ. ನಾನು ಗಾಜು ಒರೆಸುತ್ತಾ ಇದ್ದೆ.

ಮೊನ್ನೆ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಗೌರಿ ಸಿಕ್ಕಳು. ತಲೆ ನೆರೆತಿದೆ. ಮಗಳಿಗೆ ಎರಡನೇ ಹೆರಿಗೆ ಆಗಿದೆ, ಬಾಣಂತಿ ಮನೇಲೇ ಇದ್ದಾಳೆ ಅಂದಳು.

"ಹಂಗಾದ್ರೆ ಮಗೂಗೆ ನೀರು ಹಾಕೋದು ನಿಂದೇ ಕೆಲ್ಸ," ಅಂದೆ.

"ಇಲ್ಲ ಕಣಕ್ಕ. ಎದುರುಮನೆಯೋಳು ಬಂದು ಹಾಕ್ತಾಳೆ. ಅಷ್ಟು ಜೀವ ತೆಗ್ದಿರೋ ಕೈ ಇದು. ಮುಟ್ಸೋಕೆ ನಂಗೇ ಭಯ."

ಬಸ್ ಬಂತು. ಹತ್ತಿದೆ. ಆಗಲೂ ಹೇಳಲಿಲ್ಲ.

ಆಮೇಲೆ ನನಗೆ ಅನ್ನ ಇಳಿಯಲಿಲ್ಲ ಅಂತ ಬರೆದರೆ ಸುಳ್ಳಾಗುತ್ತೆ. ಇಳಿಯಿತು. ಸಿಟ್ಟು ಬಂತು, ಅಷ್ಟೇ. ನನ್ನ ಮೇಲೆ. ನನ್ನಂಥವಳ ಮಾತು ನಂಬಿ ಕೂತ ಅವಳ ಮೇಲೂ. ಮೊದಲು ಡಾಕ್ಟರ ಹತ್ತಿರ ಹೋದೆ. ತೊಟ್ಟಿ ಇದ್ದ ಜಾಗದಲ್ಲಿ ಟಿವಿ ಇತ್ತು. ನಿಂತುಕೊಂಡೇ ಎಲ್ಲ ಹೇಳಿದೆ. ಕೇಳಿಸಿಕೊಂಡು, "ಯಾವ ಗೌರಮ್ಮ?" ಅಂದರು.

ಅವಳು ತನ್ನ ಕೈಯನ್ನೇ ಕಳಕೊಂಡು ಕೂತಿದ್ದಾಳೆ. ಇವರಿಗೆ ಹೆಸರೂ ನೆನಪಿಲ್ಲ. ನಾಲ್ಕು ಮಾತು ಬೈಯೋಣ ಅನ್ನಿಸಿತು — ಯಾವ ಮುಖ ಇಟ್ಟುಕೊಂಡು ಬೈಯಲಿ?

ಮಾರನೇ ದಿನ ಹುಲಿಯೂರುದುರ್ಗಕ್ಕೆ ಹೋದೆ. ಜಗುಲಿಯ ಮೇಲೆ ಕೂತು, ಅವಳ ಮಗಳ ಎದುರಿಗೇ ಹೇಳಿದೆ. ಗೌರಿ ಅಳಲಿಲ್ಲ, ಕೂಗಲಿಲ್ಲ.

"ದೊಡ್ಡ ಮೊಮ್ಮಗಳು ಇಸ್ಕೂಲಿಗೆ ಹೋಗ್ತಾಳೆ ಕಣೇ ಈಗ," ಅಂದಳು. ಅಕ್ಕ ಅನ್ನಲಿಲ್ಲ. "ಅವಳ್ಗೆ ಒಂದಿನಾನೂ ನಾನು ನೀರು ಹಾಕ್ಲಿಲ್ಲ. ಅದನ್ನೆಲ್ಲಿಂದ ತಂದ್ಕೊಡ್ತೀಯ?"

 

ಒಳಗೆ ಕೂಸು ಅತ್ತಿತು. ಗೌರಿ ಎದ್ದು ಹಂಡೆಯ ಒಲೆಗೆ ಸೌದೆ ತುರುಕಿದಳು. ನೀರು ಕಾದ ಮೇಲೆ ಬಚ್ಚಲಲ್ಲಿ ಮಣೆ ಹಾಕಿಕೊಂಡು, ಕಾಲು ಚಾಚಿ ಕೂತಳು. ಮಗಳು ಕೂಸನ್ನು ತಂದು ಆ ಕಾಲಿನ ಮೇಲೆ ಮಲಗಿಸಿದಳು. ಚೊಂಬು ಹಿಡಿದ ಗೌರಿಯ ಕೈ ನಡುಗುತ್ತಿತ್ತು. ನೀರು ತೋಡಿಕೊಡೋಣ ಅಂತ ನಾನು ಬಾಗಿಲವರೆಗೂ ಹೋದೆ.

"ನೀನು ಬೇಡ," ಅಂದಳು, ನನ್ನ ಕಡೆ ತಿರುಗದೆ. "ಹೊರಗಿರು."

ಹೊರಗೆ ಬಂದು ನಿಂತೆ.  ಒಳಗೆ ಮೊದಲ ಚೊಂಬು ನೀರು ಬಿದ್ದ ಸದ್ದು ಕೇಳಿಸಿತು.