ಹೆಲಿಪ್ಯಾಡಿಗೆ ಹೊಲಿಸಿದ ಗಲೀಫು

ದಿಂಬಿಗೆ ತೊಡಿಸುವ ಗಲೀಫನ್ನು, ಅದೂ ಒಂದಾಳುದ್ದದ್ದನ್ನು, ನೀವು ಎಂದಾದರೂ ಹೊಲಿಸಿದ್ದೀರಾ? ಕಳೆದ ವಾರ ನಾನು ಹೊಲಿಸಿದೆ. ಅದೂ ಮಂತ್ರಿಗಳ ಹೆಲಿಕಾಪ್ಟರಿಗಾಗಿ!

ಆದದ್ದಿಷ್ಟು. ಮಂತ್ರಿಗಳು ಸವಣೂರಿಗೆ ಬರುವವರಿದ್ದರು. ಇಳಿಯಲು ನಮ್ಮ ಹೈಸ್ಕೂಲ್ ಮೈದಾನವೇ ನಿಗದಿಯಾಯಿತು. ನಾನು ವಿಜ್ಞಾನದ ಮಾಸ್ತರನಲ್ಲವೇ? (ವಿಮಾನವನ್ನು ಆಕಾಶದಲ್ಲಿ ಬಿಟ್ಟು ಬೇರೆಲ್ಲೂ ನೋಡಿದವನಲ್ಲ, ಆ ಮಾತು ಬೇರೆ.) ಹೆಡ್‌ಮಾಸ್ತರರು ಹೆಲಿಪ್ಯಾಡಿನ ಉಸಾಬರಿಯನ್ನು ನನ್ನ ಕೊರಳಿಗೇ ಕಟ್ಟಿದರು. ನಾನೂ ಉಬ್ಬಿಹೋದೆ. ಸುಣ್ಣದಲ್ಲಿ ದೊಡ್ಡ ವೃತ್ತ ಎಳೆಸಿದೆ, ನಡುವೆ ಇಂಗ್ಲಿಷಿನ ಎಚ್ ಬರೆಸಿದೆ, ಧೂಳೇಳದಂತೆ ನೀರು ಹೊಡೆಸಿದೆ. ಉಳಿದದ್ದು ಗಾಳಿಚೀಲ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಪೈಲಟ್‌ಗೆ ತಿಳಿಯಲು ಕಂಬದ ತುದಿಗೆ ಕಟ್ಟುವ ಬಟ್ಟೆಯ ಚೀಲ.

ಟೇಲರ್ ಖಾದರಸಾಬರ ಅಂಗಡಿಗೆ ಹೋದೆ. ನಮ್ಮ ಶಾಲೆಯ ಯೂನಿಫಾರ್ಮನ್ನೆಲ್ಲ ವರ್ಷಗಳಿಂದ ಹೊಲಿಯುವವರು ಅವರೇ.

"ಒಂದ್ ಬಾಜು ಬಾಯಿ ಬಿಡ್ರಿ, ಇನ್ನೊಂದ್ ಬಾಜು ಮುಚ್ಚಿ ಹೊಲೀರಿ," ಎಂದೆ. ಗಾಳಿ ಸೋರಿಹೋದರೆ ಚೀಲ ಉಬ್ಬುವುದು ಹೇಗೆ ಎಂಬುದು ನನ್ನ ತರ್ಕ.

ಅವರು ಕತ್ತರಿ ಕೆಳಗಿಟ್ಟರು. "ಮಾಸ್ತರ್ರ, ಮುಚ್ಚಿದ್ರ ಹೊಕ್ಕ ಗಾಳಿ ಹೊರಗ ಹೆಂಗ ಹೋಗ್ತೈತ್ರಿ? ಎರಡೂ ಬಾಜು ಬಾಯಿ ಇರಬೇಕ ಅನಸ್ತೈತಿ."

"ಗಾಳಿ ವಿಷಯ ನನಗ ಬಿಡ್ರಿ ಚಾಚಾ. ಹೇಳಿದಷ್ಟು ಹೊಲೀರಿ."

ಹೊಲಿದರು.

ಮಂತ್ರಿಗಳು ಬರುವ ಹಿಂದಿನ ದಿನ ಹೆಲಿಪ್ಯಾಡಿನ ಪರೀಕ್ಷೆಗೆ ಒಬ್ಬ ಅಧಿಕಾರಿ ಬಂದರು. ಚೀಲ ಕಂಬದ ಮೇಲೆ ಉಬ್ಬಿಕೊಂಡು ಅತ್ತಿತ್ತ ಒದ್ದಾಡುತ್ತಿತ್ತು. "ಏನಿದು, ದಿಂಬಿನ ಗಲೀಫಾ? ಗಾಳಿ ಹೊರಗೆ ಹೋಗಲು ದಾರಿಯೇ ಇಲ್ಲ! ಪೈಲಟ್ ಇದನ್ನು ನೋಡಿ ಏನು ತಿಳಿಯಬೇಕು? ಯಾರ ಕೆಲಸ?" ಎಂದು ಗುಡುಗಿದರು. ಹೆಡ್‌ಮಾಸ್ತರರು ನನ್ನನ್ನು ನೋಡಿದರು. ಚೀಲ ಕಟ್ಟಲು ಬಂದಿದ್ದ ಖಾದರಸಾಬರು ಅಲ್ಲೇ ನಿಂತಿದ್ದರು. ನಾನು ಅವರತ್ತ ಬೆರಳು ತೋರಿಸಿದೆ.

"ಟೇಲರ್ ತಪ್ಪು ಮಾಡ್ಯಾರ್ರಿ ಸರ್."

ಹುಡುಗರು ಗೊಳ್ಳೆಂದು ನಕ್ಕರು. ಖಾದರಸಾಬರು ನನ್ನನ್ನು ಒಮ್ಮೆ ನೋಡಿದರು, ಅಷ್ಟೇ. "ಹೌದ್ರಿ ಸಾಹೇಬ್ರ, ತಪ್ಪಾತ್ರಿ," ಎಂದು ಚೀಲ ಇಳಿಸಿ, ಮುಚ್ಚಿದ ತುದಿ ಬಿಚ್ಚಿ, ಅಂಚು ಮಡಚಿ, ಅಲ್ಲೇ ಕೂತು ಹೊಲಿದರು. ಐದು ನಿಮಿಷದ ಕೆಲಸ.

ಮರುದಿನ ಹೆಲಿಕಾಪ್ಟರ್ ಸುಖವಾಗಿ ಇಳಿಯಿತು. ನನಗೆ ಹಾರ ಬೇರೆ ಹಾಕಿದರು! ಖಾದರಸಾಬರನ್ನು ಈಗ ಪೇಟೆಯಲ್ಲಿ ಕಂಡಕಂಡವರೆಲ್ಲ "ಏನ್ ಸಾಬ್ರ, ಮಂತ್ರಿಗೆ ಗಲೀಫು ಹೊಲದ್ರಂತ?" ಎಂದು ಕಾಡುತ್ತಾರೆ. ಮುಂದಿನ ವರ್ಷದ ಯೂನಿಫಾರ್ಮ್ ಬೇರೆಯವರಿಗೆ ಕೊಡೋಣ ಎಂದರು ಹೆಡ್‌ಮಾಸ್ತರರು. ನಾನು ಆಗಲಿ ಎಂಬಂತೆ ತಲೆಯಾಡಿಸಿದೆ. ಹೌದು, ಆಗಲೂ ಬಾಯಿ ಬಿಡಲಿಲ್ಲ. ಗಾಳಿಯ ಒತ್ತಡದ ಪಾಠವನ್ನು ಎಷ್ಟು ವರ್ಷ ಬೋರ್ಡಿನ ಮೇಲೆ ಗೀಚಿದ್ದೇನೆ! ಆ ಬೆರಳು ನೆನಪಾದರೆ ನಾಚಿಕೆಯಿಂದ ಮೈ ಮುದುಡುತ್ತದೆ.

"ಹೋಗಿ ತಪ್ಪಾತು ಅನ್ರಿ, ಅದರಾಗೇನೈತಿ?" ಎಂದಳು ಹೆಂಡತಿ. ಎರಡು ಸಲ ಹೋದೆ. ಒಮ್ಮೆ ಅಂಗಿಗೆ ಗುಂಡಿ ಹಚ್ಚಿಸಿಕೊಂಡು ಬಂದೆ. ಇನ್ನೊಮ್ಮೆ ಚಹಾ ಕುಡಿದು ಬಂದೆ. ("ಕುಂತ್ರಿ ಮಾಸ್ತರ್ರ" ಎಂದು ಚಹಾ ತರಿಸಿದವರೂ ಅವರೇ.)

ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ತಪ್ಪು ನನ್ನದು. ಹೆಡ್‌ಮಾಸ್ತರರು ಈ ಅಂಕಣ ಬಿಡದೆ ಓದುತ್ತಾರೆ. ಯೂನಿಫಾರ್ಮಿನ ಕೆಲಸ ಖಾದರಸಾಬರಿಗೇ ಉಳಿದೀತು.

ಖಾದರಸಾಬರು ಕಲಿತದ್ದು ಉರ್ದು ಶಾಲೆಯಲ್ಲಿ. ಅವರಿಗೆ ಕನ್ನಡ ಓದಲು ಬರುವುದಿಲ್ಲ. ನನಗೆ ಇಷ್ಟೊಂದು ಧೈರ್ಯ ಬಂದದ್ದು ಅದಕ್ಕೇ ಏನು?